ಪೆಸ್ಟಲಾಜಿಯೂ ಮಣ್ಣಿನ ಕಣಿವೆಯೂ

ನಮ್ಮ ಪ್ರಾಥಮಿಕ ವಿಭಾಗದ ಮಕ್ಕಳು ಸಮಾಜ ಪಾಠದ ವೇಳೆಯಲ್ಲಿ ಹೊರಗೆ ತಿರುಗಿ, ಕೆಸರು ಮೆತ್ತಿದ ಲಂಗಗಳೊಡನೆ ಮನೆಗೆ ಬರುವರೆಂದು ಪೋಷಕರಲ್ಲಿ ಕೆಲವರು ಆಕ್ಷೇಪಿಸಿರುವರು. ಆಕ್ಷೇಪವು ನ್ಯಾಯವಾದುದೇ, ಒಗೆಯುವ ಕಷ್ಟವು ತಾಯಂದಿರದು. ಆದರೆ ಈ ಪದ್ಧತಿಯು ನಮ್ಮ ಸ್ವಂತ ಕಲ್ಪನೆಯಲ್ಲ. ಇದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ವಯಸ್ಸಾಗಿರುವುದು. ಇದನ್ನು ನಡೆಯಿಸಿ ತೋರಿಸಿದ ಮಹಾಪುರುಷನ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಯೋಹಾನ್ ಹೈನ್ರಿಖ್ ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ ಜನಿಸಿದನು. ಐದು ವರ್ಷದ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ಮರಣಶಯ್ಯೆಯಲ್ಲಿದ್ದ ಯಜಮಾನನಿಗೆ ಮಾತುಕೊಟ್ಟಿದ್ದ ಬಾಬೆಲಿ ಎಂಬ ಸೇವಕಿಯು ಆ ವಿಧವೆಯನ್ನೂ ಮಕ್ಕಳನ್ನೂ ಬಿಟ್ಟುಹೋಗದೆ ಸಲಹಿದಳು. ಬಟ್ಟೆಯೂ ಪಾದರಕ್ಷೆಯೂ ಸವೆದಾವೆಂದು ಅವಳು ಮಕ್ಕಳನ್ನು ಬೀದಿಗೆ ಬಿಡುತ್ತಿರಲಿಲ್ಲವಂತೆ! ಹೊಂಗ್ ಗ್ರಾಮದಲ್ಲಿ ಸಭಾಪಾಲಕನಾಗಿದ್ದ ಅಜ್ಜನ ಬಳಿಗೆ ಹೋದಾಗ ಮಾತ್ರ ಹುಡುಗನಿಗೆ ಬಿಡುಗಡೆ. ಅಜ್ಜನು ರೋಗಿಗಳನ್ನೂ ಬಡವರನ್ನೂ ಶಾಲೆಯನ್ನೂ ಸಂದರ್ಶಿಸುವಾಗ ಇವನೂ ಜೊತೆಯಲ್ಲಿ ನಡೆದನು. ಸಮಾಜವೆಂದರೇನೆಂಬ ಮೊದಲನೆಯ ಪಾಠವು ಆತನಿಗೆ ಆ ಗುಡಿಸಲುಗಳ ಬಾಗಿಲಲ್ಲಿಯೇ ದೊರೆತಿರಬೇಕೆಂದು ನಮ್ಮ ಎಣಿಕೆ.

ಮುಂದಿನ ಮೂವತ್ತು ವರ್ಷಗಳ ಕಥೆಯು ಬಹುಮಟ್ಟಿಗೆ ಸೋಲಿನ ಕಥೆ. 1769ರಲ್ಲಿ ಅನ್ನಾ ಶುಲ್ಟೆಸ್ ಎಂಬ ಸಾಧ್ವಿಯನ್ನು ವರಿಸಿ, ನಾಯ್‌ಹೋಫ್ ಎಂಬಲ್ಲಿ ಬೇಸಾಯಕ್ಕೆ ಕೈಹಾಕಿ ನಷ್ಟಪಟ್ಟನು. ಅಲ್ಲಿಯೇ 1774ರಲ್ಲಿ ಬಡ ಮಕ್ಕಳನ್ನು ಕೂಡಿಸಿ ನೂಲುವುದನ್ನೂ ನೇಯುವುದನ್ನೂ ಓದಿನೊಡನೆ ಕಲಿಸಿದನು; 1780ರಲ್ಲಿ ಅದೂ ಮುಚ್ಚಿತು. ಹೆಂಡತಿಯ ಸೊತ್ತೂ ಕರಗಿತು. ಮಾರನೆಯ ವರ್ಷ ಬರೆದ ಲಿಯೊನಾರ್ಡ್ ಮತ್ತು ಗೆರ್ಟ್ರೂಡ್ ಎಂಬ ಕಥೆಯಿಂದ ಕೀರ್ತಿ ಬಂದಿತು. 1798ರಲ್ಲಿ ಫ್ರೆಂಚ್ ಸೈನ್ಯವು ಸ್ಟಾನ್ಸ್ ಪ್ರಾಂತವನ್ನು ಹಾಳುಮಾಡಿದಾಗ, ತಬ್ಬಲಿಗಳಾದ ಸುಮಾರು ಎಂಬತ್ತು ಮಕ್ಕಳಿಗೆ ಆತನೊಬ್ಬನೇ ತಂದೆಯೂ ಗುರುವೂ ಆದನು. ಕೆಲವೇ ತಿಂಗಳಲ್ಲಿ ಆ ಕಟ್ಟಡವನ್ನು ಸೈನಿಕರ ಆಸ್ಪತ್ರೆಗೆ ತೆಗೆದುಕೊಂಡರು.

ಆತನ ಹೆಸರು ಯೂರೋಪಿನಲ್ಲೆಲ್ಲಾ ಹಬ್ಬಿದುದು ಇವೆರ್ಡನ್ ಎಂಬ ಊರಿನ ಹಳೆಯ ಕೋಟೆಯಲ್ಲಿ 1805ರಿಂದ ನಡೆಯಿಸಿದ ಶಾಲೆಯಿಂದ. ಅಲ್ಲಿ ಭೂಗೋಳವನ್ನು ಕಲಿಸಿದ ರೀತಿಯನ್ನು ನಮ್ಮ ಓದುಗರು ಸ್ವಲ್ಪ ನಿಧಾನವಾಗಿ ಕೇಳಬೇಕು. ಉಪಾಧ್ಯಾಯರು ಮಕ್ಕಳನ್ನು ಸಮೀಪದ ಬ್ಯುರೋನ್ ಹೊಳೆಯ ಕಣಿವೆಗೆ ಕರೆದೊಯ್ಯುವರು. ಮೊದಲು ಕಣಿವೆಯನ್ನು ಒಟ್ಟಾಗಿ, ಬಳಿಕ ಭಾಗಭಾಗವಾಗಿ ನೋಡಿಸುವರು. ಮಕ್ಕಳು ಕಣಿವೆಯ ಪಕ್ಕದ ಜೇಡಿಮಣ್ಣನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಬಂದು, ಉದ್ದನೆಯ ಮೇಜುಗಳ ಮೇಲೆ ತಮ್ಮ ತಮ್ಮ ಪಾಲಿನ ಗುಡ್ಡ ತಗ್ಗುಗಳನ್ನು ರೂಪಿಸುವರು. ಮರುದಿನ ಇನ್ನೂ ಎತ್ತರದ ಸ್ಥಳಕ್ಕೆ ನಡಿಗೆ. ಮೇಜಿನ ಮೇಲಿನ ಕಣಿವೆಯೂ ಅಷ್ಟಷ್ಟೇ ವಿಸ್ತರಿಸುವುದು. ಇದೆಲ್ಲಾ ಮುಗಿದ ಮೇಲೆಯೇ ಭೂಪಟವನ್ನು ತೋರಿಸುವರು. ಅಷ್ಟು ಹೊತ್ತಿಗೆ ಮಕ್ಕಳಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಭೂಗೋಳಶಾಸ್ತ್ರಕ್ಕೆ ಹೊಸ ತಳಹದಿ ಹಾಕಿದ ಕಾರ್ಲ್ ರಿಟ್ಟರ್ ಪಂಡಿತನು ಇವೆರ್ಡನಿಗೆ ಬಂದು ನೋಡಿ, ತಾನು ಪೆಸ್ಟಲಾಜಿಗೆ ಋಣಿಯೆಂದು ಒಪ್ಪಿಕೊಂಡನು.

ನಾವೂ ಉಪಾಧ್ಯಾಯಿನಿಯಾದ ಹೊಸತರಲ್ಲಿ ಇದಕ್ಕೆ ವಿರುದ್ಧವಾಗಿಯೇ ನಡೆದವರು. ಮೊದಲು ಗೋಡೆಗೆ ಭೂಪಟವನ್ನು ತೂಗಹಾಕಿ ಭೂಶಿರಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದೆವು. ಒಂದು ದಿನ ಉತ್ತರ ದಿಕ್ಕು ಎಲ್ಲಿಯೆಂದು ಕೇಳಲು, ಒಬ್ಬ ಹುಡುಗಿಯು ಸಂದೇಹವೇ ಇಲ್ಲದೆ ಮಾಡಿನ ಕಡೆಗೆ ಬೆರಳೆತ್ತಿದಳು. ತಪ್ಪು ಅವಳದಲ್ಲ; ಗೋಡೆಯ ಪಟದಲ್ಲಿ ಉತ್ತರವು ಮೇಲೆಯೇ ಇದ್ದಿತಲ್ಲವೆ! ಆದುದರಿಂದ ಈಗ ಒಂದನೆಯ ತರಗತಿಗೆ ಮನೆಯೂ ಶಾಲೆಯ ಅಂಗಳವೂ, ಎರಡನೆಯದಕ್ಕೆ ಬೀದಿಯೂ ಸಂತೆಯೂ, ಮೂರನೆಯದಕ್ಕೆ ಊರೂ ಕೆರೆಯೂ, ನಾಲ್ಕನೆಯದಕ್ಕೆ ತಾಲೂಕೂ ಜಿಲ್ಲೆಯೂ ಎಂದು ಕ್ರಮವನ್ನಿಟ್ಟಿರುವೆವು. ಮಕ್ಕಳು ಹೋಗುವ ದಾರಿಯನ್ನು ಉಪಾಧ್ಯಾಯಿನಿಯು ಮುಂಚೆಯೇ ಒಮ್ಮೆ ನಡೆದು ನೋಡಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವಳು.

ಈ ಮುಂದಾಲೋಚನೆಯನ್ನು ಮಾತ್ರ ನಾವು ಪೆಸ್ಟಲಾಜಿಯಿಂದ ಕಲಿತುದಲ್ಲ. ಆತನಲ್ಲಿ ಪ್ರೀತಿಯಿದ್ದಷ್ಟು ವ್ಯವಸ್ಥೆಯಿರಲಿಲ್ಲ. ಉಚ್ಚಾರಣೆ ಅಸ್ಪಷ್ಟ, ಉಡುಪು ಅಸ್ತವ್ಯಸ್ತ, ಲೆಕ್ಕಪತ್ರಗಳೋ ದೇವರಿಗೇ ಪ್ರೀತಿ. ಸಹೋಪಾಧ್ಯಾಯರು ತಮ್ಮೊಳಗೆ ಜಗಳವಾಡಿದರು. 1825ರಲ್ಲಿ ಇವೆರ್ಡನ್ ಶಾಲೆಯೂ ಮುಚ್ಚಿತು.

ವೃದ್ಧನು ನಾಯ್‌ಹೋಫಿಗೆ ಹಿಂದಿರುಗಿದನು. 1826ರಲ್ಲಿ ಬಾಸೆಲಿನ ಸಮೀಪದ ಬಾಯ್ಗೆನ್ ಅನಾಥಾಲಯವನ್ನು ನೋಡಹೋದಾಗ ಮಕ್ಕಳು ಓಕ್ ಎಲೆಗಳ ಕಿರೀಟವನ್ನು ಅರ್ಪಿಸಲು, ತಾನು ಅದಕ್ಕೆ ಪಾತ್ರನಲ್ಲವೆಂದು ಸ್ವೀಕರಿಸಲಿಲ್ಲ. ಆ ಅನಾಥಾಲಯದ ಸ್ಥಾಪನೆಗೆ ಕಾರಣನಾದ ಸ್ಪಿಟ್ಲರನೇ 1815ರಲ್ಲಿ ಬಾಸೆಲ್ ಮಿಶನಿನ ಸ್ಥಾಪಕರಲ್ಲಿಯೂ ಒಬ್ಬನು. 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದವರು ಆ ಮಿಶನಿನವರೇ.

ಪೆಸ್ಟಲಾಜಿಯು 1827ನೆಯ ಫೆಬ್ರವರಿ 17ರಂದು ಬ್ರುಗ್ ಎಂಬಲ್ಲಿ ದೇಹವನ್ನಿಟ್ಟನು. ಬಿರ್ ಎಂಬ ಹಳ್ಳಿಯಲ್ಲಿ, ಶಾಲೆಯ ಪಕ್ಕದಲ್ಲಿಯೇ, ಆತನನ್ನು ಸಮಾಧಿಮಾಡಿದರು. 1846ರಲ್ಲಿ, ಆತನು ಹುಟ್ಟಿ ನೂರು ವರ್ಷಗಳು ತುಂಬಿದಾಗ, ಅಲ್ಲಿ ಕಟ್ಟಿದ ಹೊಸ ಶಾಲೆಯ ಗೋಡೆಯೇ ಆತನ ಸ್ಮಾರಕವಾಯಿತು.