ಕಾಮರ್ಲಿಂಗ್ ಓನ್ನೆಸ್

ಹಾಲೆಂಡಿನ ಗ್ರೋನಿಂಗೆನ್ ನಗರದಲ್ಲಿ 1853ರಲ್ಲಿ ಜನಿಸಿದ ಹೈಕೆ ಕಾಮರ್ಲಿಂಗ್ ಓನ್ನೆಸ್ ಅವರು 1882ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 1908ರಲ್ಲಿ ಹೀಲಿಯಮ್ ಅನಿಲವನ್ನು ದ್ರವವಾಗಿಸಿದರು. ಆ ದ್ರವದ ಘೋರಶೈತ್ಯದಲ್ಲಿ ಪಾದರಸದ ವಿದ್ಯುದ್ರೋಧವು ಪೂರ್ಣವಾಗಿ ಅಡಗಿದುದು 1911ರಲ್ಲಿ ಅವರ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಇದೇ ಅತಿವಾಹಕತೆ. ರೋಧವಿಲ್ಲದ ತಂತಿಯ ಸುರುಳಿಯಿಂದ ಒಂದು ಲಕ್ಷ ಗೌಸ್ ಬಲದ ಅಯಸ್ಕಾಂತವನ್ನು ನಿರ್ಮಿಸಬೇಕೆಂದು ಅವರು ಬಯಸಿದರು. ಆ ಬಯಕೆ ಅಸಹಜವಾದುದೇನಲ್ಲ. ಆದರೆ ಪ್ರವಾಹವು ಒಂದು ಮಿತಿಯನ್ನು ಮೀರಿದೊಡನೆ ಅಡಗಿದ್ದ ರೋಧವು ಮರಳಿ ತಲೆಯೆತ್ತಿತು. ಸೀಸದ ತಂತಿಯಲ್ಲಿ ದೋಷವಿರಬಹುದೆಂದು ಮೊದಲು ಶಂಕಿಸಿದರು. 1913ರಲ್ಲಿ ನೊಬೆಲ್ ಪಾರಿತೋಷಕ ಸಂದಿತು; ಶಂಕೆಯು ಮಾತ್ರ ಉಳಿಯಿತು. ಕೆಲವು ನೂರು ಗೌಸ್‌ಗಳ ಕಾಂತಕ್ಷೇತ್ರವೇ ಸೀಸದ ಅತಿವಾಹಕತೆಯನ್ನು ಅಳಿಸುವುದೆಂದು 1914ರಲ್ಲಿ ಅವರೇ ತೋರಿಸಿದರು. ಪ್ರವಾಹವು ತನ್ನ ಸುತ್ತ ಹುಟ್ಟಿಸುವ ಕ್ಷೇತ್ರವೇ ಅದಕ್ಕೆ ಮಿತಿಯೆಂದು 1916ರಲ್ಲಿ ಅಮೆರಿಕದ ಸಿಲ್ಸ್‌ಬೀ ವಿವರಿಸಿದರು. ಓನ್ನೆಸ್ 1926ರಲ್ಲಿ ನಿಧನರಾದರು. ಪ್ರಬಲ ಕ್ಷೇತ್ರದಲ್ಲಿಯೂ ಅಧಿಕ ಪ್ರವಾಹವನ್ನು ಹೊರಬಲ್ಲ ನಿಯೋಬಿಯಮ್-ತವರದ ತಂತಿಯು ಸಿದ್ಧಿಸಿದುದು 1961ರಲ್ಲಿ.