ಬೆಂಕಿಪೊಟ್ಟಣದ ಮೇಲಿನ ಗೌಹರ್ ಜಾನ್

ತಾತ ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು. ಅವರು ಕೂಡಿಟ್ಟ ಬೆಂಕಿಪೊಟ್ಟಣದ ಚಿತ್ರಗಳ ಡಬ್ಬಿ ಮಾತ್ರ ದೊಡ್ಡಬಳ್ಳಾಪುರದ ನಮ್ಮ ಮನೆಯ ಅಟ್ಟದ ಮೇಲೆ ಹಾಗೇ ಇತ್ತು. ಮಗ್ಗದ ಸದ್ದಿನಲ್ಲಿ ಇಂಟರ್ನಲ್ಸ್‌ಗೆ ಓದಲಾಗದೆ ಒಂದು ಸಂಜೆ ಅದನ್ನು ಇಳಿಸಿದೆ. ಹುಲಿ, ಹಡಗು, ಕಮಲ. ಇಂಥ ಚಿತ್ರಗಳ ಹಿಂದಿನ ಕಥೆಯನ್ನು ಫೋನಿನಲ್ಲಿ ಹುಡುಕುತ್ತಾ 1880ರ ದಶಕದ ಸಿಗರೇಟ್ ಪ್ಯಾಕುಗಳವರೆಗೆ ಹೋದೆ. ಪ್ಯಾಕು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಅಮೆರಿಕದ ಕಂಪನಿಗಳು ನಾಟಕದ ನಟಿಯರ ಚಿತ್ರ ಅಚ್ಚು ಹಾಕುತ್ತಿದ್ದವು. ನಮ್ಮ ದೇಶದಲ್ಲಿ ಹಾಗೆ ಬೆಂಕಿಪೊಟ್ಟಣದ ಮೇಲೆ ಬಂದ ಮುಖ ಗಾಯಕಿ ಗೌಹರ್ ಜಾನ್ ಅವರದು. ಆ ಪೊಟ್ಟಣ ತಯಾರಾಗುತ್ತಿದ್ದುದು ಆಸ್ಟ್ರಿಯಾದಲ್ಲಂತೆ!

ಅವರು ಹುಟ್ಟಿದ್ದು 1873ರಲ್ಲಿ, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗಿನ ಹೆಸರು ಏಂಜಲೀನಾ ಯೋವರ್ಡ್. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಿ ಮಗಳು ಬನಾರಸ್‌ಗೆ ಬಂದು, ಇಸ್ಲಾಂ ಸೇರಿ, ಮಲ್ಕಾ ಜಾನ್ ಮತ್ತು ಗೌಹರ್ ಜಾನ್ ಆದರು. ಆಮೇಲೆ ಕಲ್ಕತ್ತಾ, ಸಂಗೀತ, ಹೆಸರು.

1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಧ್ವನಿಮುದ್ರಣ ಯಂತ್ರ ತಂದರು. ಇಲೆಕ್ಟ್ರಾನಿಕ್ಸ್ ಓದುವ ನನಗೆ ಇಷ್ಟವಾದ ಭಾಗವೇ ಇದು. ಮೈಕ್ ಇಲ್ಲ, ಕರೆಂಟ್ ಬೇಡ. ಕೊಳವೆಯಂಥ ಹಾರ್ನ್‌ನೊಳಗೆ ಗಟ್ಟಿಯಾಗಿ ಹಾಡಬೇಕು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕು. ಗೌಹರ್ ಇಳಿಸಿದರು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಜಂಬಕ್ಕಲ್ಲ, ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯ ಹ್ಯಾನೋವರ್‌ನವರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ನಮ್ಮ ಭಾಷೆಯಲ್ಲಿ ಫೈಲ್ ನೇಮ್!

1911ರ ದೆಹಲಿ ದರ್ಬಾರಿನಲ್ಲೂ ಹಾಡಿದರು. ಇಷ್ಟು ಹೆಸರಾದವರು ಆಸ್ತಿ ವ್ಯಾಜ್ಯವೊಂದರಲ್ಲಿ ತಾವು ಯಾರ ಮಗಳೆಂದು ಸಾಬೀತು ಮಾಡಬೇಕಾಯಿತು. ಅದಕ್ಕಾಗಿ ಚಿಕ್ಕಂದಿನಲ್ಲೇ ದೂರವಾದ ತಂದೆಯನ್ನು ಹುಡುಕಿಕೊಂಡು ಹೋದರು. ಓದುತ್ತಾ ನನಗೆ ಹೊಟ್ಟೆ ಕಲಸಿದಂತಾಯಿತು. ಮುಂದೆ ಕೋರ್ಟು ಕಚೇರಿಗಳಲ್ಲೇ ದುಡ್ಡು ಕರಗಿತು.

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರಿಗೆ ಕರೆಸಿ ಆಸ್ಥಾನ ಗಾಯಕಿಯನ್ನಾಗಿ ಮಾಡಿದರು. ತಿಂಗಳಿಗೆ 500 ರೂಪಾಯಿ, ಇರಲು ದಿಲ್‌ಖುಷ್ ಕಾಟೇಜ್. 1930ರ ಜನವರಿ 17ರಂದು ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರು. ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗುವಾಗೆಲ್ಲ ಆ ಆಸ್ಪತ್ರೆಯ ಮುಂದೆಯೇ ಬಸ್ಸಿನಲ್ಲಿ ಹಾದುಹೋಗಿದ್ದೇನೆ, ಏನೂ ಗೊತ್ತಿಲ್ಲದೆ.

ಅವರ ಹಾಡೊಂದನ್ನು ತಾತನಿಗೆ ಫೋನಿನಲ್ಲಿ ಕೇಳಿಸಿದೆ. ಕೊನೆಯಲ್ಲಿ ಹೆಸರು ಹೇಳಿದ್ದು ಮಗ್ಗದ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಎದ್ದು ಹೋಗಿ ಮಗ್ಗ ನಿಲ್ಲಿಸಿ ಬಂದು, ಇನ್ನೊಂದು ಸಲ ಹಾಕು ಅಂದರು.