ಮೊದಲ ಸೂಜಿ ತನ್ನ ಮೈಗೇ

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕು ಎಂಬ ಮಾತನ್ನು ನಮ್ಮ ದಾವಣಗೆರೆಯ ಹಿರಿಯರಿಂದ ಕೇಳಿದ್ದೇನೆ. ಅದು ಪ್ಲೇಗಿನ ಕಾಲದ ಮಾತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹರಡಿದ್ದ ಈ ರೋಗ ರೈಲು ಪ್ರಯಾಣಿಕರ ಜೊತೆ ಬೆಂಗಳೂರನ್ನೂ ಮುಟ್ಟಿತು. ಆ ರೈಲುಹಾದಿ ಇರುವುದು ಹರಿಹರ, ದಾವಣಗೆರೆಗಳ ಮೇಲೆಯೇ. ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಒಂದು ಲಸಿಕೆಯೂ ಬಂದಿತ್ತು. ಅದನ್ನು ತಯಾರಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನಲ್ಲಿ ಪ್ರಯೋಗ ಮಾಡುತ್ತಲೇ 1892ರಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ ತಮ್ಮ ಮೇಲೆಯೇ ಪ್ರಯೋಗಿಸಿದರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಸರ್ಕಾರ ಅವರನ್ನು ಕರೆಸಿತು. ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಬ್ಯಾಕ್ಟೀರಿಯಾ ಬೆಳೆಸಿ, ಕಾಯಿಸಿ ಕೊಂದರು. ಸತ್ತ ಬ್ಯಾಕ್ಟೀರಿಯಾ ರೋಗ ತರಲಾರದು. ಆದರೆ ನಮ್ಮ ದೇಹ ಅದರ ಗುರುತು ಹಿಡಿದು, ನಿಜವಾದ ಶತ್ರು ಬಂದಾಗ ಹೋರಾಡಲು ಸಿದ್ಧವಾಗುತ್ತದೆ. ಇಂದು ವಿಜ್ಞಾನಿಗಳು ಶಾಖದ ಬದಲು ಗಾಮಾ ವಿಕಿರಣವನ್ನೂ ಬಳಸಿ ನೋಡುತ್ತಿದ್ದಾರೆ. ವಿಕಿರಣ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ತುಂಡರಿಸುವುದರಿಂದ ಅದು ವೃದ್ಧಿಯಾಗದು. ಹೊರಮೈ ಮಾತ್ರ ಬಹುಮಟ್ಟಿಗೆ ಹಾಗೇ ಉಳಿದು ದೇಹಕ್ಕೆ ಪಾಠವಾಗುತ್ತದೆ.

1897ರ ಜನವರಿ 10ರಂದು ಹಾಫ್‌ಕಿನ್ ಪ್ಲೇಗ್ ಲಸಿಕೆಯನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. ಜ್ವರ, ನೋವು ಅನುಭವಿಸಿದ ಮೇಲೆಯೇ ಬೈಕುಲ್ಲಾ ಜೈಲಿನಲ್ಲಿ ಸ್ವಯಂಪ್ರೇರಿತರಾಗಿ ಬಂದ ಕೈದಿಗಳಿಗೆ ಕೊಟ್ಟರು. ಮರುವರ್ಷ ಹುಬ್ಬಳ್ಳಿ, ಧಾರವಾಡಗಳಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಲಸಿಕೆ ಪೂರ್ಣ ರಕ್ಷಣೆ ಕೊಡದಿದ್ದರೂ ಸಾವನ್ನು ಬಹಳಷ್ಟು ತಗ್ಗಿಸಿತು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಬಾಟಲಿಯಿಂದ ಲಸಿಕೆ ಕೊಟ್ಟಿದ್ದರು. ತಪ್ಪು ಹಾಫ್‌ಕಿನ್ ತಲೆಗೆ ಬಂತು, ಅಧಿಕಾರ ಹೋಯಿತು. ಬಾಟಲಿ ಕಲುಷಿತಗೊಂಡಿದ್ದು ಆ ಹಳ್ಳಿಯಲ್ಲೇ, ಅದನ್ನು ತೆರೆಯುವಾಗ ಎಂಬುದನ್ನು ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಎತ್ತಿಹಿಡಿದ ಮೇಲೆ 1907ರಲ್ಲಿ ಅವರು ಆರೋಪಮುಕ್ತರಾದರು. ಮತ್ತೆ ಭಾರತಕ್ಕೆ ಬಂದು ಕೆಲಸ ಮಾಡಿದರು.

1925ರಲ್ಲಿ ಮುಂಬೈನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅವರು ತೀರಿಕೊಂಡರು.

ಕೋವಿಡ್ ಲಸಿಕೆಗೆ ಸಾಲಿನಲ್ಲಿ ನಿಂತಾಗ ನನಗೂ ಭಯವಿತ್ತು. ಲಸಿಕೆಯ ಬಗ್ಗೆ ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಉತ್ತರ ಸಿಗುವ ಮೊದಲೇ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಾಫ್‌ಕಿನ್ ಕಳೆದುಕೊಂಡ ಆ ಐದು ವರ್ಷಗಳೇ ಸಾಕ್ಷಿ.